ಅಡುಗೆಮನೆಗೆ ಕಳಿಸಿ ನಾನು ನೋಡಿದ್ದು

ಸಿನೆಮಾದಲ್ಲಿ ಬತ್ತಲೆ ಮೈ ಕಾಣುವ ದೃಶ್ಯ ಬಂದಾಗಲೆಲ್ಲ ನಾನು ನನ್ನ ಗಂಡನನ್ನು ಎಬ್ಬಿಸಿ ಅಡುಗೆಮನೆಗೆ ಕಳಿಸುತ್ತಿದ್ದೆ. ಕಳಿಸಿ, ನಾನೊಬ್ಬಳೇ ಕೂತು ಅದನ್ನು ಪೂರ್ತಿ ನೋಡುತ್ತಿದ್ದೆ. ನೋಡಲಿಲ್ಲ ಎಂದು ಅವರಿಗೆ ಹೇಳುತ್ತಿದ್ದೆ. ಒಂದೆರಡು ಸಲವಲ್ಲ. ಆರು ವರ್ಷ.

ಓದುವವರಿಗೆ ಇದು ನಗುವ ಮಾತು ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು — ಹೋದ ದೀಪಾವಳಿಯವರೆಗೆ.

ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಳ್ಳಿ. ನನ್ನ ಮಗಳು ಶೋಭಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ನಾಗಪುರದಲ್ಲಿ, ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳು ಓದಲಾರಳು ಎಂಬ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಇದೂ ಒಂದು ಹೇಡಿತನ, ಗೊತ್ತು.

ನನ್ನ ಗಂಡ ದರ್ಜಿ. ಗದಗ ಕಡೆಯಿಂದ ಬಂದು ಇಲ್ಲಿಯ ಮಹಾಲ್ ಪೇಟೆಯ ಒಂದು ಓಣಿಯಲ್ಲಿ ನಲವತ್ತು ವರ್ಷ ಹೆಂಗಸರ ಬ್ಲೌಸ್ ಹೊಲಿದರು. ಯಾವ ಹೆಂಗಸಿನ ಮೈಗೂ ಟೇಪು ಹಿಡಿದವರಲ್ಲ. ಮನೆಯಿಂದ ಹಳೆಯ ಬ್ಲೌಸ್ ತನ್ನಿ, ಅದರ ಅಳತೆ ಸಾಕು ಎನ್ನುತ್ತಿದ್ದರು. ಬಂದವಳು ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋಗುವಷ್ಟರಲ್ಲಿ ಅವರಿಗೆ ಅಳತೆ ತಿಳಿದಿರುತ್ತಿತ್ತು. ಆದರೂ ಹಳೆಯ ಬ್ಲೌಸ್ ಬೇಕೇ ಬೇಕು. ಅಂಥ ಮನುಷ್ಯ.

ಅಂಗಡಿ ಬಿಟ್ಟ ವರ್ಷ ಶೋಭಾ ಗಂಡನ ಮನೆ ಕಾಮಠಿಯಿಂದ ಬಂದು ದೊಡ್ಡ ಟೀವಿ ಹಾಕಿಸಿಕೊಟ್ಟಳು. ಬೇಕಾದ ಸಿನೆಮಾ ಬೇಕಾದಾಗ ಬರುವಂಥದ್ದು. ರಿಮೋಟು ನನಗೆ ಕಲಿಸಿದಳು, ಅವರಿಗೆ ಅದು ಹತ್ತಲಿಲ್ಲ. ಮಧ್ಯಾಹ್ನ ಊಟ ಮಾಡಿ, ಕೂಲರ್ ಹಚ್ಚಿ, ದಿವಾನದ ಮೇಲೆ ನಾವಿಬ್ಬರೇ ಕೂರುವುದು. ಮದುವೆಯಾಗಿ ನಲವತ್ತೈದು ವರ್ಷಕ್ಕೆ ಮೊದಲ ಸಲ ಇಬ್ಬರೇ ಕೂತು ಏನನ್ನಾದರೂ ನೋಡಿದ್ದು ಆಗಲೇ. ಅಷ್ಟು ದಿನ ಅತ್ತೆ ಇದ್ದರು, ಮಗಳಿದ್ದಳು, ಹೊಲಿಗೆಯಿತ್ತು.

ಎರಡನೆಯದೋ ಮೂರನೆಯದೋ ಸಿನೆಮಾ. ಹಿಂದಿ. ನೋಡನೋಡುತ್ತಿದ್ದಂತೆ ಒಂದು ಹೆಣ್ಣು, ಒಂದು ಗಂಡು, ಮೈಮೇಲೆ ಬಟ್ಟೆ ಇಲ್ಲ. ಅವರು ಟೀವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಸಣ್ಣಗೆ ನಗುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು —

ಏನು ಹೇಳುತ್ತಿದ್ದರೋ. ನಾನು ಬಿಡಲಿಲ್ಲ. ನನಗೆ ಆಗ ಅನ್ನಿಸಿದ್ದು ಒಂದೇ: ಆ ಮೈಯನ್ನೂ ನನ್ನ ಮೈಯನ್ನೂ ಪಕ್ಕಪಕ್ಕ ಇಟ್ಟು ಅಳೆದರು. ದರ್ಜಿಯ ಕಣ್ಣಲ್ಲವೇ.

“ಈ ವಯಸ್ಸಿನ್ಯಾಗ ಇಂಥಾದ್ದ ನೋಡಾಕ ನಾಚಿಕಿ ಬರೂದಿಲ್ಲೇನ್ರಿ?” ಎಂದೆ. “ಮೈ ಅನ್ನೂದು ಮುಚ್ಚಿಡೂದು. ನಂದು ನಿಮಗ ಕಾಣಬಾರ್ದು, ನಿಮ್ಮದು ನನಗ ಕಾಣಬಾರ್ದು. ಎದ್ದ ಹೋಗ್ರಿ, ಚಹಾ ಇಡ್ರಿ.”

“ಆತು” ಎಂದರು. ಎದ್ದು ಹೋದರು.

ಅಷ್ಟೇ ನಡೆದದ್ದು. ಕೂಗಾಟವಿಲ್ಲ, ಜಗಳವಿಲ್ಲ. ಆದರೆ ಆ ಮಾತನ್ನು ಅವರು ಗಿರಾಕಿ ಹೇಳಿದ ಅಳತೆಯ ಹಾಗೆ ಹಿಡಿದುಕೊಂಡರು, ಒಂದು ದಾರದಷ್ಟೂ ಆಚೀಚೆ ಇಲ್ಲ. ನಾಗಪುರದ ಮೇ ತಿಂಗಳಲ್ಲಿ ಬರೀ ಪಂಚೆಯಲ್ಲಿ ಓಡಾಡುತ್ತಿದ್ದವರು ಬನಿಯನ್ನು ಹಾಕತೊಡಗಿದರು. ಬಟ್ಟೆ ಬದಲಿಸುವುದು ಬಚ್ಚಲಲ್ಲಿ, ಅಗಳಿ ಹಾಕಿಕೊಂಡು. ನಾನು ಗಮನಿಸಿದೆ. ಒಳ್ಳೆಯದೇ ಆಯಿತು ಅಂದುಕೊಂಡೆ.

ಸಿನೆಮಾ ಮಾತ್ರ ಬಿಡಲಿಲ್ಲ. ಅಂಥ ದೃಶ್ಯ ಬರುವ ಸುಳಿವು ಸಿಕ್ಕರೆ ನಾನು “ಹೂಂ” ಎನ್ನುವುದು, ಅವರು ಎದ್ದು ಅಡುಗೆಮನೆಗೆ ಹೋಗುವುದು. ಬಟನ್ ಒತ್ತಿ ಮುಂದೆ ಓಡಿಸುತ್ತೇನೆ ಎಂದು ನಾನು ಹೇಳಿದ್ದೆ. ಓಡಿಸುತ್ತಿರಲಿಲ್ಲ. ಸಪ್ಪಳ ಮಾತ್ರ ಕಡಿಮೆ ಮಾಡುತ್ತಿದ್ದೆ.

“ಹೋತೇನು?” ಎಂದು ಒಳಗಿನಿಂದ ಕೇಳುವರು.

“ಇನ್ನೂ ಐತಿ. ಬರಬ್ಯಾಡ್ರಿ.”

“ಭಾಳ ಉದ್ದ ಇಟ್ಟಾರ ಬಿಡು.”

ಚಹಾ ಹಿಡಿದು ಬಂದು, ನಡುವೆ ಏನಾಯಿತು ಎಂದು ಕೇಳುವರು. ನಾನು ಏನು ಹೇಳಲಿ? ಮದುವೆಯಾಯಿತು ಎನ್ನುತ್ತಿದ್ದೆ. ಪ್ರತಿ ಸಲವೂ ಅದೇ. ಒಂದು ದಿನ ಚಹಾ ಕುಡಿಯುತ್ತ ಅಂದರು, “ಅಲ್ಲ, ಈ ಸಿನೆಮಾದ ಮಂದಿ ಎಲ್ಲಾರೂ ನಾ ಚಹಾ ಇಡೂ ಹೊತ್ತಿಗೇ ಯಾಕ ಮದುವಿ ಆಗ್ತಾರ? ಒಂದ ಮದುವಿ ಊಟನೂ ಸಿಗಲಿಲ್ಲ ನನಗ.” ನಾನು ನಕ್ಕೆ. ಅವರೂ ನಕ್ಕರು.

ಯಾಕೆ ನೋಡಿದೆ ಎಂದು ಕೇಳಿದರೆ — ನೋಡಬೇಕು ಅನ್ನಿಸಿತು, ನೋಡಿದೆ. ಹದಿನೇಳಕ್ಕೆ ಮದುವೆ. ಎರಡು ಹೆತ್ತೆ, ಒಂದು ಉಳಿಯಿತು. ಬೆಳಕಿನಲ್ಲಿ ಒಂದು ಬತ್ತಲೆ ಮೈ ಹೇಗಿರುತ್ತದೆ ಎಂದು ನೋಡಿಯೇ ಇರಲಿಲ್ಲ — ಗಂಡನದೂ ಇಲ್ಲ, ನನ್ನದೂ ಇಲ್ಲ. ನೋಡಿದ್ದು ಪಾಪವೆಂದು ನಾನು ಈಗಲೂ ಅನ್ನುವುದಿಲ್ಲ. ಪಕ್ಕದಲ್ಲಿ ಕೂತವನನ್ನು ಎಬ್ಬಿಸಿ ಕಳಿಸಿದ್ದು, ನಾಚಿಕೆಯನ್ನೆಲ್ಲ ಅವನ ತಲೆಗೆ ಕಟ್ಟಿ ನಾನು ಆರಾಮಾಗಿ ಕೂತದ್ದು — ಅದು ಪಾಪ.

ಎರಡು ವರ್ಷದ ಹಿಂದಿನಿಂದ ಅವರು ಮತ್ತೆ ಮೆಷಿನ್ ಮುಂದೆ ಕೂರತೊಡಗಿದರು. ಬಾಗಿಲಿಗೆ ಬೆನ್ನು ಮಾಡಿ ಏನೋ ಹೊಲಿಯುವರು, ನಾನು ಹೋದರೆ ತೊಡೆಯ ಕೆಳಗೆ ಸೇರಿಸುವರು. ಯಾರೋ ಹಳೆಯ ಗಿರಾಕಿಯದಿರಬೇಕು ಎಂದುಕೊಂಡೆ. ಪೈಜಾಮಗಳನ್ನೂ ಹೊಸದಾಗಿ ಹೊಲಿದುಕೊಂಡರು, ಚೀಲದಷ್ಟು ಅಗಲ. “ಇದೇನ್ರಿ, ಇಬ್ಬರು ಹೊಕ್ಕೊಬಹುದು ಇದರಾಗ” ಎಂದು ಚಾಷ್ಟಿ ಮಾಡಿದೆ. “ಸೆಕಿ ಐತಲ್ಲ” ಎಂದರು. ಅದು ಪುಷ್ಯ ಮಾಸ. ಆ ಚಳಿಯಲ್ಲಿ ಸೆಕೆ ಎಂದರೆ ನಾನು ಒಂದು ಮಾತು ಕೇಳಬೇಡವೇ? ಕೇಳಲಿಲ್ಲ.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಒಳಗಿನಿಂದ ಅಗಳಿ. ನಾನು ಬಾಗಿಲು ಬಡಿದೆ.

“ಅಗಳಿ ಕೈಗೆ ಸಿಗತೈತೇನ್ರಿ?”

“ಸಿಗತೈತಿ.”

“ತೆಗೀರಿ ಮತ್ತ.”

“ನೀ ಬ್ಯಾಡ. ಶೋಭಾನ ಗಂಡನ್ನ ಕರಿ.”

“ಅವರು ಕಾಮಠಿಯಿಂದ ಬರಬೇಕ್ರಿ. ತೆಗೀರಿ, ನಾ ಅದೀನಲ್ಲ.”

“ಮೈಮ್ಯಾಲೆ ಅರಿವಿ ಇಲ್ಲ” ಎಂದರು. “ನೀ ಬರಬ್ಯಾಡ.”

ಅಳಿಯ ಬರುವವರೆಗೆ, ಮುಕ್ಕಾಲು ಗಂಟೆಗೂ ಹೆಚ್ಚು, ನನ್ನ ಗಂಡ ಒದ್ದೆ ನೆಲದ ಮೇಲೆ ಕೂತಿದ್ದರು. ಅಗಳಿ ಕೈಗೆಟಕುತ್ತಿತ್ತು. ನಾನು ಬಾಗಿಲಿನ ಈಚೆ. ನನ್ನ ಮಾತನ್ನು ಆ ಮನುಷ್ಯ ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಎಂದು ತಿಳಿದದ್ದು ಆಗ. ಅದು ಸಿಟ್ಟಿನಲ್ಲಿ ಅಂದದ್ದು, ಬಿಟ್ಟುಬಿಡಿ ಎಂದು ನಾನು ಕೂಗಬಹುದಿತ್ತು. ಓಣಿಯವರು ಸೇರಿದ್ದರು. ಕೂಗಲಿಲ್ಲ.

ಅಳಿಯ ಒಳಗೆ ಹೋದಾಗ ಕಂಡದ್ದು, ತೊಡೆಯ ಸಂದಿಯಲ್ಲಿ ಗಡ್ಡೆ. ಮಾವಿನಕಾಯಿಯಷ್ಟು, ಮೇಲೆ ಒಡೆದಿತ್ತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕೊಯ್ದು ತೆಗೆಯುವ ಕಾಲ ದಾಟಿದೆ, ಒಳಗೆಲ್ಲ ಹಬ್ಬಿದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು, “ಆಜಿ, ಇತಕೆ ದಿವಸ್ ತುಮ್ಹಾಲಾ ದಿಸ್ಲಂ ನಾಹೀ?” ಇಷ್ಟು ದಿನ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ ಎಂದು. ಬಯ್ಯುವ ದನಿಯಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ಒಂದೇ ಮನೆ, ಮಲಗುವುದು ಒಂದೇ ಕೋಣೆ, ಐವತ್ತು ವರ್ಷ ಬಾಳಿದ ಹೆಂಡತಿ.

ನಾನು ಅಂದೆ, ಅವರು ಮುಚ್ಚಿಟ್ಟರು, ನನಗೆ ತೋರಿಸಲಿಲ್ಲ.

ಮುಚ್ಚಿಟ್ಟದ್ದಕ್ಕೆ ಶೋಭಾ ಅಳುತ್ತ ಅಪ್ಪನನ್ನೇ ಬಯ್ದಳು. “ಇಷ್ಟ ದಿನ ಯಾಕ ಲಪವೂನ್ ಇಟ್ಟಿ ಅಪ್ಪಾ? ಅವ್ವನ ಮುಂದರ ಹೇಳಬಾರ್ದಾ? ಅವ್ವ ಏನ ಪರಕೀನಾ?” ಅವರು ನನ್ನನ್ನು ನೋಡಲಿಲ್ಲ. “ನಂದೇ ತಪ್ಪವ್ವಾ” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಲ್ಲ, ನನ್ನದು ಎಂಬ ಒಂದು ಮಾತು — ಇವತ್ತಿನವರೆಗೂ ಮಗಳಿಗೆ ಆ ಮಾತು ಹೇಳಿಲ್ಲ.

ಮನೆಗೆ ಬಂದ ಮೇಲೆ ಚಿಂದಿ ಬಟ್ಟೆ ಬೇಕಾಗಿ ಅವರ ತುಂಡುಬಟ್ಟೆಯ ಪೆಟ್ಟಿಗೆ ತೆಗೆದೆ. ತಳದಲ್ಲಿ ಐದು ಪಟ್ಟಿಗಳಿದ್ದವು. ಗಡ್ಡೆಯನ್ನು ಎತ್ತಿ ಕಟ್ಟಿಕೊಳ್ಳಲು ತಾವೇ ಹೊಲಿದುಕೊಂಡವು. ಬ್ಲೌಸಿನ ಅಸ್ತರಿನ ಮೆತ್ತನೆಯ ಬಟ್ಟೆ, ಎರಡು ಪದರು, ಅಂಚಿಗೆ ಸಣ್ಣ ಹೊಲಿಗೆ. ಒಂದಕ್ಕಿಂತ ಒಂದು ಅಗಲ. ಮೊದಲನೆಯದು ನನ್ನ ಅಂಗೈಯಷ್ಟು. ಕೊನೆಯದು ಎರಡೂ ಕೈ ಸೇರಿಸಿ ಹರವಿದರೆ ಎಷ್ಟೋ ಅಷ್ಟು, ಒಗೆದರೂ ಕಲೆ ಹೋಗಿರಲಿಲ್ಲ. ಯಾರ ಅಳತೆಯನ್ನೂ ಮೈಮುಟ್ಟಿ ತೆಗೆದುಕೊಳ್ಳದವರು ಇದರ ಅಳತೆಯನ್ನು ಐದು ಸಲ ಒಬ್ಬರೇ ತೆಗೆದುಕೊಂಡಿದ್ದರು. ನಾನು ಆಚೆ ಕೋಣೆಯಲ್ಲಿ ಸಿನೆಮಾ ಹುಡುಕುತ್ತಿದ್ದೆ.

ಐದನ್ನೂ ಮಡಚಿ ಹಾಗೇ ಇಟ್ಟೆ. ಬಿಸಾಡಲೂ ಆಗಲಿಲ್ಲ, ಯಾರಿಗೂ ತೋರಿಸಲೂ ಆಗಲಿಲ್ಲ.

ಈಗ ಅವರು ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಶೋಭಾ ಗೊತ್ತು ಮಾಡಿದ ಒಬ್ಬ ಮನುಷ್ಯ ಬಂದು ಮೈ ಒರೆಸಿ, ಗಾಯ ಕಟ್ಟಿ, ಮಗ್ಗುಲು ಬದಲಿಸಿ ಹೋಗುತ್ತಾನೆ. ನಾನು ಮಾಡುತ್ತೇನೆಂದು ಹೋದರೆ ಅವರು ಎರಡೂ ಕೈಯಿಂದ ಹೊದಿಕೆ ಹಿಡಿದುಕೊಳ್ಳುತ್ತಾರೆ. ಆ ಕೈಗಳಲ್ಲಿ ಕಸುವಿಲ್ಲ. ಜಗ್ಗಿದರೆ ಬಿಟ್ಟಾವು. ಜಗ್ಗುವುದು ಹೇಗೆ? ಆ ಮನುಷ್ಯ ಬಂದಾಗ ನಾನು ಅಡುಗೆಮನೆಗೆ ಹೋಗಿ ಚಹಾ ಇಡುತ್ತೇನೆ. ಆಯಿತೇ ಎಂದು ಒಳಗಿನಿಂದ ಕೇಳುತ್ತೇನೆ. “ಅಭೀ ನಹೀ, ಆಜಿ” ಎನ್ನುತ್ತಾನೆ.

ಹೋದ ರವಿವಾರ ಮಧ್ಯಾಹ್ನ ಟೀವಿ ಅವರ ಹಾಸಿಗೆಯ ಕಡೆ ತಿರುಗಿಸಿ ಒಂದು ಸಿನೆಮಾ ಹಚ್ಚಿದೆ. ಅಂಥದ್ದು ಇರುತ್ತದೆಂದು ಗೊತ್ತಿದ್ದೇ ಹಚ್ಚಿದೆ. ಬಂತು. ನಾನು “ಹೂಂ” ಎನ್ನಲಿಲ್ಲ. ರಿಮೋಟು ಮುಟ್ಟಲಿಲ್ಲ. ಅವರು ಮಂಚದ ಪಟ್ಟಿ ಹಿಡಿದು, ನರಳುತ್ತ, ಇದ್ದ ಶಕ್ತಿಯನ್ನೆಲ್ಲ ಹಾಕಿ ಗೋಡೆಯ ಕಡೆ ಹೊರಳಿದರು.

“ಇರ್ಲಿ, ನೋಡ್ರಿ” ಎಂದೆ. “ನಾನೂ ನೋಡಾಕತ್ತೀನಿ.”

ಕೇಳಿಸಿತೋ ಇಲ್ಲವೋ.

ದೃಶ್ಯ ಮುಗಿಯಿತು. ಗೋಡೆಯ ಕಡೆಯಿಂದ ದನಿ ಬಂತು. “ಹೋತೇನು?”

“ಹೋತ್ರಿ.”

“ಮದುವಿ ಆತೇನು?”

“ಇಲ್ಲರಿ” ಎಂದೆ. “ಮದುವಿ ಆಗಲಿಲ್ಲ.”

ಆರು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ನಿಜ. ಅವರು ಕೇಳಿದರು, “ಮತ್ತೇನಾತು?”

ಮುಖ ನೋಡಿ ಹೇಳಬೇಕೆಂದು ಎದ್ದೆ.

ಅವರು ತಾವಾಗಿ ಈ ಕಡೆ ಹೊರಳಲಾರರು. ಸೊಂಟಕ್ಕೆ ಕೈ ಕೊಟ್ಟು ಎತ್ತಬೇಕು. ನಾನು ಹತ್ತಿರ ಹೋದೆ, ಅವರು ಹೊದಿಕೆ ಹಿಡಿದುಕೊಂಡರು. ಐದು ಗಂಟೆಗೆ ಆ ಮನುಷ್ಯ ಬರುವವರೆಗೆ ಅವರು ಗೋಡೆ ನೋಡುತ್ತ ಮಲಗಿದ್ದರು, ನಾನು ಅವರ ಬೆನ್ನು ನೋಡುತ್ತ ಕೂತಿದ್ದೆ.