ಆಲ್ಮಾ ಬರೆದ ಹೆಸರುಗಳು

ಅಮೆರಿಕದ ನೆಬ್ರಾಸ್ಕಾದ ಹುಲ್ಲುಗಾವಲಿನ ನಡುವಿದ್ದ ನಮ್ಮೂರಿಗೆ ಆಲ್ಮಾ ಹೆಗ್‌ಸ್ಟಾಡ್ ಒಬ್ಬಳೇ ಫೋಟೋ ತೆಗೆಯುವವಳು. ಮದುವೆಯಿರಲಿ, ಗೋಧಿ ಕೊಯ್ಲಿರಲಿ, ಕಾಲೇಜಿನ ಫುಟ್‌ಬಾಲ್ ತಂಡವಿರಲಿ, ಫೋಟೋದ ಅಡಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆದು ಅಂಗಡಿಯ ಕಿಟಕಿಗೆ ಅಂಟಿಸುತ್ತಿದ್ದಳು. ಊರವರು ಅಲ್ಲಿ ನಿಂತು ತಮ್ಮ ಮಕ್ಕಳನ್ನು ಹುಡುಕುತ್ತಿದ್ದರು.

೧೯೭೦ರ ಮೇ ತಿಂಗಳಲ್ಲಿ ನಾವು ಹನ್ನೊಂದು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದ ವಿರುದ್ಧ ಮೆರವಣಿಗೆ ಹೊರಟೆವು. ಆಕೆ ಅದರ ಫೋಟೋವನ್ನೂ ಹೆಸರು ಬರೆದು ಅಂಟಿಸಿದಳು. ಕಾಲೇಜಿನ ಡೀನ್ ಕಿಟಕಿಯ ಮುಂದೆ ನಿಂತು ಹೆಸರುಗಳನ್ನು ಗುರುತು ಹಾಕಿಕೊಂಡ. ಹನ್ನೊಂದು ಜನರನ್ನೂ ಹೊರಗೆ ಹಾಕಿದರು. ಕಾಲೇಜು ತಪ್ಪಿದ ಹುಡುಗರನ್ನು ಸೈನ್ಯ ಎಳೆದುಕೊಳ್ಳುತ್ತಿದ್ದ ಕಾಲವದು. ನನ್ನನ್ನು ಕಣ್ಣಿನ ದೋಷ ಉಳಿಸಿತು, ಹನ್ನೊಂದರಲ್ಲಿ ಒಬ್ಬನಾದ ಗೆಳೆಯ ಲೇಲ್ಯಾಂಡ್‌ಗೆ ಸೈನ್ಯದ ಕರೆ ಬಂತು.

ನಾನು ಅಂಗಡಿಗೆ ನುಗ್ಗಿದೆ. "ಏನಮ್ಮಾ, ಪೊಲೀಸರ ಕೆಲಸಾನೂ ನೀವೇ ಮಾಡ್ತೀರಾ?"

"ಹೆಸರು ಬಿಟ್ಟಿದ್ರೆ ನಿಮ್ಮಮ್ಮಂದಿರು ನನ್ನ ಚರ್ಮ ಸುಲೀತಿದ್ರು ಕಣೋ," ಅಂದಳು. "ಡೀನೂ ಓದ್ತಾನೆ ಅಂತ ಈ ಹಾಳು ತಲೆಗೆ ಹೊಳೀಲೇ ಇಲ್ಲ."

ಅಷ್ಟರಲ್ಲಿ ಲೇಲ್ಯಾಂಡನ ತಾಯಿ ಒಳಗೆ ಬಂದಳು. ಉಗಿಯುತ್ತಾಳೆ ಅಂತ ಕಾದೆ. ಆಕೆ ಮೆರವಣಿಗೆಯ ಫೋಟೋದ ಒಂದು ಪ್ರತಿ ಕೇಳಿದಳು.

"ದೊಡ್ಡವನಾದ ಮೇಲೆ ಅವನು ನಗ್ತಿರೋದು ಇದೊಂದರಲ್ಲೇ ಆಲ್ಮಾ. ನಾಳೆ ಸೈನ್ಯಕ್ಕೆ ಬಸ್ ಹತ್ತಿಸ್ಬೇಕು."

ಆಲ್ಮಾ ಕೊಟ್ಟಳು. ಅವನನ್ನು ತಡೆಯುವುದು ನಮ್ಮ ಮೂವರಲ್ಲಿ ಯಾರ ಕೈಯಲ್ಲೂ ಇರಲಿಲ್ಲ.