ಧ್ರುವದ ಕಚೇರಿಗೆ ಬಂದ ಕೊನೆಯ ಮೇಲ್

ನನ್ನ ಕೆಲಸ ದಕ್ಷಿಣ ಧ್ರುವಕ್ಕೆ ಸಂಬಂಧಪಟ್ಟದ್ದು ಎಂದರೆ ಡಬ್ಲಿನ್‌ನ ಕನ್ನಡದವರು ಮೊದಲು ಕೇಳುವುದು ಪೆಂಗ್ವಿನ್ ಬಗ್ಗೆ. ಪೆಂಗ್ವಿನ್ನೂ ಇಲ್ಲ, ಮಣ್ಣೂ ಇಲ್ಲ. ಸಿಟಿವೆಸ್ಟ್‌ನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಕೂತು ಕಡತ ಜೋಡಿಸುತ್ತೇನೆ, ಅಷ್ಟೇ. ಆ ಹಿಮದ ಖಂಡದಲ್ಲಿ ಯಾರೂ ಯುದ್ಧ ಮಾಡಬಾರದು, ಗಣಿ ತೋಡಬಾರದು ಎಂದು ಹಲವು ದೇಶಗಳು ಒಪ್ಪಂದ ಮಾಡಿಕೊಂಡಿವೆ. ಆ ಒಪ್ಪಂದವನ್ನು ನೋಡಿಕೊಳ್ಳುವ ಕಚೇರಿ ಭೂಮಿಯ ಕೆಳಗಿನ ಅರ್ಧದಲ್ಲೆಲ್ಲೋ ಇದೆ. ದೇಶಗಳು ಕಳಿಸುವ ವರದಿಗಳನ್ನು ನಾಲ್ಕು ಭಾಷೆಗಳಲ್ಲಿ ವೆಬ್‌ಸೈಟಿಗೆ ಏರಿಸುವುದು, ಒಬ್ಬರ ಮಾತನ್ನು ಉಳಿದವರಿಗೆ ತಲುಪಿಸುವುದು, ಇಷ್ಟನ್ನು ನಮ್ಮ ಚಿಕ್ಕ ಕಂಪನಿ ವಹಿಸಿಕೊಂಡಿದೆ.

ಅಲ್ಲೊಂದು ಪದ್ಧತಿ ಉಂಟು. ವರ್ಷಕ್ಕೊಮ್ಮೆ ಎಲ್ಲ ದೇಶಗಳೂ ಸಭೆ ಸೇರುತ್ತವೆ. ನಡುವೆ ಏನಾದರೂ ತೀರ್ಮಾನ ಬೇಕಾದರೆ ಸುತ್ತೋಲೆ ಹೋಗುತ್ತದೆ: ಇಂಥ ದಿನ, ಇಂಥ ಹೊತ್ತಿನೊಳಗೆ ಯಾರೂ ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ಒಂದೇ ಒಂದು ದೇಶ ಸಹಿ ಹಾಕಿದ ಪತ್ರದಲ್ಲಿ ಬೇಡ ಎಂದರೆ ಸಾಕು, ವಿಷಯ ಸಭೆಗೆ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದು ವಿಚಿತ್ರ ಅನ್ನಿಸಿತ್ತು. ನಮ್ಮ ಮೈಸೂರಿನ ಮನೆಯಲ್ಲಿ ಅಮ್ಮ ಮಾತು ಬಿಟ್ಟಳೆಂದರೆ ಮುಗೀತು, ಆವತ್ತು ಯಾರೂ ಅಡುಗೆಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಇಲ್ಲಿ ಮಾತಾಡದವರೆಲ್ಲ ಒಪ್ಪಿದವರು!

ಆ ದೇಶಗಳ ಪ್ರತಿನಿಧಿಗಳಲ್ಲಿ ನನ್ನ ತಲೆ ತಿನ್ನುತ್ತಿದ್ದವರು ಒಬ್ಬರೇ. ಒಂದು ಪುಟ್ಟ ದೇಶದ ಹಿರಿಯ ಹೆಂಗಸು. ಅವರ ವರದಿಗಳು ಬರುವುದು ಕೊನೆಯ ದಿನ, ಕೊನೆಯ ಗಳಿಗೆಯಲ್ಲಿ. ಮೇಲ್ ಬರುತ್ತದೆ, ಒಳಗೆ ವರದಿಯ ಲಗತ್ತೇ ಇರುವುದಿಲ್ಲ! ನಾನು ‘ಲಗತ್ತು ಬಂದಿಲ್ಲ, ಮೇಡಂ’ ಎಂದು ಬರೆಯಬೇಕು, ಆಮೇಲೆ ಅವರು ಕಳಿಸಬೇಕು. “ಈಯಮ್ಮಂಗೆ ಗಡಿಯಾರ ಅನ್ನೋದೇ ಇಲ್ವೇನೋ,” ಎಂದು ಪ್ರತಿವರ್ಷ ಗೊಣಗುತ್ತ ಅವರ ಕಡತ ಸರಿಮಾಡಿ ಏರಿಸಿ, ಬಸ್ಸು ತಪ್ಪಿಸಿಕೊಂಡು ಮನೆಗೆ ಬರುತ್ತಿದ್ದೆ. ಮುಂದಿನ ಸಲ ದಯವಿಟ್ಟು ಬೇಗ ಕಳಿಸಿ ಎಂದು ನೆನಪೋಲೆ ಬರೆಯುವುದೂ ನಾನೇ. ಅದಕ್ಕೆ ಅವರು ಕವಡೆ ಕಾಸಿನ ಕಿಮ್ಮತ್ತೂ ಕೊಡುತ್ತಿರಲಿಲ್ಲ.

ಕಳೆದ ವರ್ಷ ಹೊಸ ಸುತ್ತೋಲೆಯೊಂದು ನನ್ನ ಮುಂದೆ ಬಂತು. ವೆಬ್‌ಸೈಟಿನ ಕೆಲಸವನ್ನೆಲ್ಲ ಮುಖ್ಯ ಕಚೇರಿಗೇ ತೆಗೆದುಕೊಂಡು, ಐರ್ಲೆಂಡಿನ ವ್ಯವಸ್ಥೆಯನ್ನು ಕೈಬಿಡುವ ಪ್ರಸ್ತಾವ. ಎರಡು ಸಲ ಓದಿದೆ. ನಮ್ಮನೆಯವರು ಆಗಷ್ಟೇ ಕೆಲಸ ಬಿಟ್ಟು ಮಾಸ್ಟರ್ಸ್ ಓದಲು ಸೇರಿದ್ದರು. ನಾವಿಬ್ಬರು, ಮಗಳು, ಮೂವರೂ ಈ ದೇಶದಲ್ಲಿ ನಿಂತಿದ್ದು ನನ್ನೊಬ್ಬಳ ಸಂಬಳದ ಮೇಲೆ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಅದೆಲ್ಲ ಇರಲಿ, ಆ ಸುತ್ತೋಲೆಯನ್ನು ಎಲ್ಲ ದೇಶಗಳಿಗೆ ಕಳಿಸಬೇಕಾದವಳು ನಾನೇ! ನಾಲ್ಕೂ ಭಾಷೆಯ ಪ್ರತಿ ಸರಿಯಿದೆಯೇ ಎಂದು ನೋಡಿ, ಕಳಿಸಿದೆ.

ಆಮೇಲಿನ ದಿನಗಳಲ್ಲಿ ಯಾವ ದೇಶವೂ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ನಮ್ಮನೆಯವರು, “ಯಾರಾದ್ರೂ ಏನಾದ್ರೂ ಅಂದ್ರಾ?” ಎಂದು ಕೇಳುವುದು, ನಾನು ಸಿಡುಕುವುದು. “ರೀ, ಅಂದಿದ್ರೆ ಹೇಳ್ತಿರ್ಲಿಲ್ವಾ? ಸುಮ್ನಿರಿ ಸ್ವಲ್ಪ.” ಮಗಳು ಇಲ್ಲೇ ಹುಟ್ಟಿದವಳು, ಶಾಲೆಯ ತಂಡದಲ್ಲಿ ಇಲ್ಲಿಯವರ ಕೋಲುಚೆಂಡಿನ ಆಟ ಆಡುತ್ತಾಳೆ. ಅವಳಿಗೆ ಹೊಸ ಹೆಲ್ಮೆಟ್ ಬೇಕಿತ್ತು. ಮುಂದಿನ ತಿಂಗಳು ನೋಡೋಣ ಎಂದಾಗ ಅವಳು ಹಟ ಮಾಡದೆ ತಲೆಯಾಡಿಸಿ ಒಳಗೆ ಹೋದಳು. ಹಟ ಮಾಡಿದ್ದರೇ ವಾಸಿಯಿತ್ತು. ನನಗೆ ಅಳು ಬಂತು.

ಗಡುವಿನ ದಿನ ಶುಕ್ರವಾರ. ನಮ್ಮ ಗಂಟೆಗೆ ಸಂಜೆ ಐದರವರೆಗೆ ಸಮಯ. ಬೆಳಗ್ಗೆಯಿಂದ ಮೇಲ್ ಪೆಟ್ಟಿಗೆ ಖಾಲಿ. ಊಟದ ಡಬ್ಬಿ ತೆಗೆಯಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ತಟ್ಟನೆ ಹೊಳೆಯಿತು, ಆ ಹಿರಿಯ ಹೆಂಗಸಿನ ದೇಶವೂ ಇನ್ನೂ ಏನೂ ಹೇಳಿಲ್ಲ. ಅವರು ಯಾವತ್ತು ಮಧ್ಯಾಹ್ನ ಕಳಿಸಿದ್ದಾರೆ? ‘ತಡ ಮಾಡ್ತಿದೀರಿ ಅಷ್ಟೇ ಅಲ್ವಾ ತಾಯಿ, ಮರೆತಿಲ್ಲ ತಾನೇ?’ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ವರ್ಷಗಟ್ಟಲೆ ಬೈದ ಬಾಯಿ ಅದು.

ಐದಕ್ಕೆ ಸ್ವಲ್ಪ ಹೊತ್ತಿದೆ ಎನ್ನುವಾಗ ಮೇಲ್ ಬಂತು. ಅವರದೇ! ‘ನಮ್ಮ ದೇಶದ ಆಕ್ಷೇಪಣೆಯನ್ನು ಲಗತ್ತಿಸಿದೆ.’ ಕೆಳಗೆ ನೋಡುತ್ತೇನೆ, ಲಗತ್ತಿಲ್ಲ.

ಅಯ್ಯೋ ಮಹರಾಯ್ತಿ! ಸಹಿ ಹಾಕಿದ ಪತ್ರವಿಲ್ಲದೆ ಆ ಮೇಲ್ ಇದ್ದೂ ಇಲ್ಲದಂತೆ. ಲಗತ್ತು ಬಂದಿಲ್ಲ ಎಂದು ಬರೆಯಲು ಕೈ ಎತ್ತಿದವಳು ಹಾಗೇ ನಿಂತೆ. ಇದು ನನ್ನದೇ ಅನ್ನದ ಪ್ರಶ್ನೆ. ಹೇಳಿಕೊಟ್ಟು ಬರೆಸಿದಳು ಎಂದು ನಾಳೆ ಯಾರಾದರೂ ಅಂದರೆ? ಪಕ್ಕದ ಮೇಜಿನಲ್ಲಿ ನಮ್ಮ ತಂಡದ ಮುಖ್ಯಸ್ಥ, ಇಲ್ಲಿಯವನೇ, ಟೀ ಹಿಡಿದು ಕೂತಿದ್ದ. ಅವನ ಕೆಲಸವೂ ಇದರ ಮೇಲೇ ನಿಂತಿತ್ತು. ಪರದೆ ತೋರಿಸಿದೆ. ಅವನು ಕಪ್ಪು ಕೆಳಗಿಟ್ಟ.

“ಅವರು ಹೀಗೆ ಮಾಡಿದಾಗ ಪ್ರತಿವರ್ಷ ಏನು ಮಾಡ್ತೀಯಾ?”

“ಲಗತ್ತು ಬಂದಿಲ್ಲ ಅಂತ ಬರೀತೀನಿ.”

“ಬೇರೆ ದೇಶದವರು ಮರೆತರೆ?”

“ಅವರಿಗೂ ಬರೀತೀನಿ.”

“ಹಾಗಾದ್ರೆ ಈಗಲೂ ಅದನ್ನೇ ಬರಿ. ಒಂದು ಪದ ಹೆಚ್ಚೂ ಬೇಡ, ಕಮ್ಮಿಯೂ ಬೇಡ.”

ಬರೆದೆ. ‘ಲಗತ್ತು ಬಂದಿಲ್ಲ, ಮೇಡಂ.’ ಅಷ್ಟೇ. ಆಮೇಲೆ ಇಬ್ಬರೂ ಪರದೆಯನ್ನೇ ನೋಡುತ್ತ ಕೂತೆವು. ಅವನು ಉಗುರು ಕಚ್ಚುತ್ತಿದ್ದ. ನಾನು ಚಾಮುಂಡಿಗೆ ಹರಕೆ ಹೊತ್ತೆ, ಏನು ಹೊತ್ತೆನೋ ಈಗ ನೆನಪಿಲ್ಲ.

ಐದು ಹೊಡೆಯುವ ಮುಂಚೆ ಪತ್ರ ಬಂತು. ಮುದ್ರೆಯಿತ್ತು, ಸಹಿಯಿತ್ತು, ವಿಷಯ ಎರಡೇ ಸಾಲು. ಈಗಿರುವ ವ್ಯವಸ್ಥೆಯಿಂದ ನಮ್ಮಂಥ ಚಿಕ್ಕ ನಿಯೋಗಗಳಿಗೆ ತುಂಬ ಉಪಕಾರವಾಗಿದೆ; ಸಭೆಯಲ್ಲಿ ಕೂತು ಮಾತಾಡದೆ ಅದನ್ನು ಕೈಬಿಡಲು ನಾವು ಒಪ್ಪಲಾರೆವು. ನಾನು ಅದನ್ನು ಓದಿ ಮುಖ ಮುಚ್ಚಿಕೊಂಡೆ. ಮುಖ್ಯಸ್ಥ, ಎಲ್ಲ ಸರಿಹೋಯಿತು ಎನ್ನಲು ಇಲ್ಲಿಯವರು ಹೇಳುವಂತೆ, “ಗ್ರ್ಯಾಂಡ್, ಗ್ರ್ಯಾಂಡ್” ಎನ್ನುತ್ತ ಕಿಟಕಿಯವರೆಗೆ ಹೋಗಿ ಬಂದ. ಹೋದ ಜೀವ ಬಂದಂತಾಯಿತು ಅನ್ನುತ್ತಾರಲ್ಲ, ಆವತ್ತು ಅದು ನನಗೆ ಮೈಯಲ್ಲೇ ಗೊತ್ತಾಯಿತು. ಹಸಿವೂ ಆಯಿತು. ತಣ್ಣಗಾದ ಚಿತ್ರಾನ್ನವನ್ನು ಅಲ್ಲೇ ತಿಂದೆ.

ಮನೆಗೆ ಫೋನ್ ಮಾಡಿದೆ. ನಮ್ಮನೆಯವರಿಗೆ ವಿಷಯ ಹೇಳಿದೆ. ಮಗಳು ಫೋನ್ ಕಸಿದುಕೊಂಡು ತನ್ನ ಐರಿಶ್ ದನಿಯಲ್ಲಿ, “ಸೋ ವಿ ಆರ್ ಗ್ರ್ಯಾಂಡ್, ಅಮ್ಮಾ?” ಎಂದಳು.

“ಗ್ರ್ಯಾಂಡ್ ಕಣೇ. ನಾಳೆ ಹೆಲ್ಮೆಟ್ ತರೋಣ.”

ಮುಂದೆ ಸಭೆಯಲ್ಲಿ ಆ ಪ್ರಸ್ತಾವ ಬಿದ್ದುಹೋಯಿತು. ಆದರೆ ನನ್ನ ಪಾಲಿನ ಸಭೆ ಆ ಶುಕ್ರವಾರವೇ ಮುಗಿದಿತ್ತು. ಆವತ್ತು ಕಚೇರಿಯಿಂದ ಹೊರಡುವ ಮುಂಚೆ ಆ ಹಿರಿಯ ಹೆಂಗಸಿನಿಂದ ಇನ್ನೊಂದು ಮೇಲ್ ಬಂತು. ಈ ಸಲವೂ ನಿಮಗೆ ತೊಂದರೆ ಕೊಟ್ಟೆ, ಮುಂದಿನ ವರ್ಷದಿಂದ ಖಂಡಿತ ಬೇಗ ಕಳಿಸುತ್ತೇನೆ ಎಂದು ಬರೆದಿದ್ದರು. ಅಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ. ಉತ್ತರ ಬರೆದೆ: ‘ಏನೂ ಅವಸರವಿಲ್ಲ, ಮೇಡಂ. ನಿಮಗೆ ಆದಾಗ ಕಳಿಸಿ. ನಾನು ಇಲ್ಲೇ ಇರುತ್ತೇನೆ.’