ಸ್ಪಿರಿಟ್ಟು ಶುದ್ಧವಾಗಿತ್ತು

ಆ ಸ್ಪಿರಿಟ್ಟಿನಲ್ಲಿ ಏನೂ ಬೆರೆತಿರಲಿಲ್ಲ. ಬೆರೆತಿದೆ ಎಂದು ಹೇಳಿದವನು ನಾನು. ಹೇಳುವಾಗ ನನಗೆ ಖಚಿತವಾಗಿ ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ — ಅದೂ ಸುಳ್ಳೇ. ಗೊತ್ತಿತ್ತು.

ಆಗ ನಾನು ಶಿರಸಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಹೊರಗಿನ ಒಂದು ಸಂಶೋಧನಾ ಸಂಸ್ಥೆಯವರು ಪ್ರಯೋಗಕ್ಕೆಂದು ನಮಗೊಂದು ಯಂತ್ರ ಕೊಟ್ಟಿದ್ದರು. ಇಂಧನ ಕೋಶ ಅಂತ ಅದಕ್ಕೆ ಹೆಸರು. ತೆಳ್ಳನೆಯ ಪಿಂಗಾಣಿ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಕೆಂಪಗೆ ಕಾಯುವ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಸ್ಪಿರಿಟ್ಟಿನ ಆವಿಯನ್ನೂ ನೀರಿನ ಆವಿಯನ್ನೂ ಸೇರಿಸಿ ಒಳಗೆ ಬಿಟ್ಟರೆ ಉರಿಯಿಲ್ಲದೆ, ಸದ್ದಿಲ್ಲದೆ ಕರೆಂಟು ಬರುತ್ತಿತ್ತು. ನೀರು ಮಾತ್ರ ಕಡಿಮೆಯಾಗಬಾರದು. ಕಡಿಮೆಯಾದರೆ ಸ್ಪಿರಿಟ್ಟು ಒಳಗೇ ಮಸಿಯಾಗಿ ಬಿಲ್ಲೆಗಳಿಗೆ ಮೆತ್ತಿಕೊಳ್ಳುತ್ತದೆ. ಒಮ್ಮೆ ಮೆತ್ತಿದರೆ ಮುಗಿಯಿತು.

ಸ್ಪಿರಿಟ್ಟು ಕೊಡುತ್ತಿದ್ದವರು ಸಾವಿತ್ರಕ್ಕ. ನನ್ನ ಅಮ್ಮನ ತವರೂರಿನವರು. ಬನವಾಸಿ ರಸ್ತೆಯಲ್ಲಿ ಹಣ್ಣಿನ ಶರಬತ್ತು, ಜಾಮು ಮಾಡುವ ಸಣ್ಣ ಘಟಕ ನಡೆಸುತ್ತಿದ್ದರು. ಬನವಾಸಿ ಕಡೆ ಅನಾನಸ್ಸಿನ ಕೊಯ್ಲಿನಲ್ಲಿ ಪೇಟೆಗೆ ಹೋಗದೆ ಉಳಿದ ಹಣ್ಣು ರಸ್ತೆ ಬದಿಯಲ್ಲಿ ಕೊಳೆಯುತ್ತಿತ್ತು. ಅದನ್ನು ತರಿಸಿ, ಹುಳಿ ಬರಿಸಿ, ಬಟ್ಟಿ ಇಳಿಸಲು ಈ ಯಂತ್ರದ ಯೋಜನೆಯ ಹೆಸರಿನಲ್ಲಿ ಅವರಿಗೆ ಪರವಾನಗಿ ಸಿಕ್ಕಿತ್ತು. ಹೆಂಗಸೊಬ್ಬಳು ಸಾರಾಯಿ ಕಾಯಿಸುತ್ತಾಳೆ ಎಂದು ಊರವರು ಆಡಿಕೊಂಡರೂ ಅವರು ಹಿಂಜರಿಯಲಿಲ್ಲ. "ಕೊಳೆತ ಹಣ್ಣಲ್ಲಿ ದೀಪ ಹತ್ತತು ಅಂದ್ರೆ ಬ್ಯಾಡ ಹೇಳಲೆ ಆಗ್ತಾ, ತಮಾ?" ಎಂದು ನಕ್ಕಿದ್ದರು.

ಅವರ ಬಲಗೈ ಜುಬೇದಾ. ಇದು ಅವಳ ನಿಜವಾದ ಹೆಸರಲ್ಲ. ಯಲ್ಲಾಪುರದ ಹುಡುಗಿ, ಶಿರಸಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು. ಹಣ್ಣು ಹುಳಿ ಬರಿಸುವ ಡ್ರಮ್ಮುಗಳು, ಬಟ್ಟಿಯ ಉರಿ, ಕ್ಯಾನು ತೊಳೆಯುವುದು — ಎಲ್ಲ ಅವಳದೇ. ಸಾವಿತ್ರಕ್ಕನಿಗೆ ಮಕ್ಕಳಿರಲಿಲ್ಲ. ಮುಂದೆ ಘಟಕವನ್ನು ಜುಬೇದಾಳೇ ನೋಡಿಕೊಳ್ಳಬೇಕು ಎನ್ನುತ್ತಿದ್ದರು.

ಸಂಸ್ಥೆಯ ಮುಖ್ಯಸ್ಥರು ಯಂತ್ರ ನೋಡಲು ಬಂದ ದಿನ ಅದನ್ನು ಘಟಕದ ಅಂಗಳಕ್ಕೆ ತಂದಿಟ್ಟಿದ್ದೆವು. ಜನ ಸೇರಿದ್ದರು, ಸಾವಿತ್ರಕ್ಕ, ಜುಬೇದಾ ಇಬ್ಬರೂ ಎದುರಿಗೇ ನಿಂತಿದ್ದರು. ಯಂತ್ರ ನಡೆಯುತ್ತಿತ್ತು, ಬಲ್ಬು ಉರಿಯುತ್ತಿತ್ತು. ಅಷ್ಟಕ್ಕೇ ನಾನು ಸುಮ್ಮನಿರಬಹುದಿತ್ತು. ಆದರೆ ಬೆಳಕು ನನಗೆ ಸಾಲದೆನಿಸಿತು — ಅವರೆದುರು ಇನ್ನಷ್ಟು ತೋರಿಸಬೇಕೆನ್ನುವ ಚಪಲ. ನೀರು ಸ್ವಲ್ಪ ಕಡಿಮೆ ಮಾಡಿದರೆ ಸ್ವಲ್ಪ ಹೊತ್ತು ಕರೆಂಟು ಏರುತ್ತದೆಂದು ಗೊತ್ತಿತ್ತು. ಯಾರೂ ನೋಡದ ಹಾಗೆ ನೀರಿನ ಪಂಪು ತಗ್ಗಿಸಿದೆ. ಬಲ್ಬುಗಳು ಫಳಫಳ ಹೊಳೆದವು. ಜನ ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ನನ್ನ ಬೆನ್ನು ತಟ್ಟಿ ಮಾತಿಗೆ ನಿಂತರು. ಆ ಮಾತಿನ ಸುಖದಲ್ಲಿ ಪಂಪನ್ನು ಮತ್ತೆ ಏರಿಸುವುದನ್ನು — ಮರೆತೆ ಎನ್ನಲೇ? ಇನ್ನೊಂದು ಗಳಿಗೆ ಹಾಗೇ ಇರಲಿ ಎಂದುಕೊಂಡೆ. ಅದು ಮರೆವಲ್ಲ.

ದೀಪಗಳು ಒಂದೊಂದಾಗಿ ಮಂಕಾದವು. ಆಮೇಲೆ ಏನು ಮಾಡಿದರೂ ಹತ್ತಲಿಲ್ಲ.

"ಏನಾಯ್ತು?" ಎಂದರು ಮುಖ್ಯಸ್ಥರು.

"ಸ್ಪಿರಿಟ್ಟು ಸರಿ ಇಲ್ಲ ಸರ್. ಏನೋ ಬೆರೆತಿದೆ."

ಅಷ್ಟೇ ಹೇಳಿದ್ದು.

ಮರುದಿನ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಬ್ಬನೇ ಕೂತು ಉಳಿದ ಸ್ಪಿರಿಟ್ಟನ್ನು ಪರೀಕ್ಷೆ ಮಾಡಿದೆ. ಶುದ್ಧವಾಗಿತ್ತು. ವಾಪಸು ತಂದ ಪೆಟ್ಟಿಗೆ ಬಿಚ್ಚಿ ನೋಡಿದೆ. ಬಿಲ್ಲೆಗಳೆಲ್ಲ ಮಸಿ. ಸ್ಪಿರಿಟ್ಟನ್ನು ಮೋರಿಗೆ ಚೆಲ್ಲಿ ನಲ್ಲಿ ಬಿಟ್ಟೆ. ಯಾರಾದರೂ ಮತ್ತೆ ಪರೀಕ್ಷೆ ಮಾಡಿಯಾರು ಎಂಬ ಹೆದರಿಕೆ.

ಸಾವಿತ್ರಕ್ಕ ಅಂದೇ ಮನೆಗೆ ಬಂದರು. ಕೂರಲೂ ಇಲ್ಲ.

"ತಮಾ, ಮುಚ್ಚಿಡಡ. ಅದರಲ್ಲಿ ಎಂತ ಇತ್ತು ಹೇಳು."

ಆಗಲಾದರೂ — ಇಲ್ಲ. "ಸೀಮೆಎಣ್ಣೆ ಇದ್ದಿಕ್ಕು, ಅಕ್ಕಾ. ಕ್ಯಾನು ಸರಿ ತೊಳದ್ದಿಲ್ಲೆ ಕಾಣ್ತು" ಎಂದೆ. ಕ್ಯಾನಿನ ಮಾತು ಅವರಿಗೆ ಹೊಳೆದಿರಲಿಲ್ಲ, ನಾನೇ ಅವರ ಕೈಗೆ ಕೊಟ್ಟೆ. ಹಳೆಯ ಸೀಮೆಎಣ್ಣೆ ಕ್ಯಾನುಗಳನ್ನೇ ಬಿಸಿನೀರಿನಲ್ಲಿ ತೊಳೆದು ಬಳಸುತ್ತಿದ್ದರೆಂದು ನನಗೆ ಗೊತ್ತಿತ್ತು. ತೊಳೆಯುವವಳು ಯಾರೆಂದೂ ಗೊತ್ತಿತ್ತು.

ನನ್ನನ್ನು ಜೊತೆಗೇ ಘಟಕಕ್ಕೆ ಕರೆದುಕೊಂಡು ಹೋದರು. ಜುಬೇದಾಳನ್ನು ನಿಲ್ಲಿಸಿ ಕೇಳಿದರು. ಅವಳು ಮೊದಲು "ತೊಳೆದೇನಿ ಅಕ್ಕಾ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಓದಿದವರು ಹೇಳುತ್ತಿದ್ದಾರೆ, ಇರಬೇಕು ಅಂದುಕೊಂಡಳೇನೋ. "ಒಂದು ಕ್ಯಾನು ಬಿಟ್ಟಿದ್ನೇನೋ... ನೆಪ್ಪಿಲ್ಲ. ತಪ್ಪಾತು ಅಕ್ಕಾ" ಎಂದು ಕೈ ಮುಗಿದಳು. ಮಾಡದ ತಪ್ಪಿಗೆ ಅವಳು ನನ್ನೆದುರೇ ಕ್ಷಮೆ ಕೇಳಿದಳು. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ.

"ನಾಳೆಯಿಂದ ಕೆಲಸಕ್ಕೆ ಬರಡ" ಎಂದರು ಸಾವಿತ್ರಕ್ಕ. ಯಾರನ್ನೂ ಗದರಿಸಿ ಗೊತ್ತಿಲ್ಲದ ಹೆಂಗಸು. ನನ್ನ ಸುಳ್ಳು ಅವರನ್ನೂ ಅನ್ಯಾಯ ಮಾಡುವ ಹಾಗೆ ಮಾಡಿತು.

ಯೋಜನೆ ನಿಂತಿತು. ಅದರೊಂದಿಗೆ ಪರವಾನಗಿಯೂ ಹೋಯಿತು. ಕಲಬೆರಕೆಯ ಸುದ್ದಿ ಹಬ್ಬಿ ಶರಬತ್ತು ಕೊಳ್ಳುವವರೂ ಕಡಿಮೆಯಾದರು. ಘಟಕ ಮುಚ್ಚಿತು. ಮುಂದಿನ ಕೊಯ್ಲಿನಲ್ಲಿ ಅನಾನಸ್ಸು ಮತ್ತೆ ರಸ್ತೆ ಬದಿಯಲ್ಲಿ ಕೊಳೆಯಿತು. ನನಗೆ ಮಾತ್ರ ಏನೂ ಆಗಲಿಲ್ಲ. ಪಾಠ ಮಾಡಿದೆ, ಬಡ್ತಿ ಪಡೆದೆ.

ಸಾವಿತ್ರಕ್ಕ ಕಾಯಿಲೆ ಬಿದ್ದಾಗ ಹೇಳಿಬಿಡಬೇಕೆಂದೇ ಆಸ್ಪತ್ರೆಗೆ ಹೋದೆ. ಅವರು ಹಳೆಯದನ್ನೇ, ಜುಬೇದಾಳನ್ನೇ ನೆನೆಯುತ್ತಿದ್ದರು. "ಆ ಕೂಸಿನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ, ತಮಾ" ಎಂದರು. ಆ ಮಾತು ಕೇಳಿ, ತಂದ ಹಣ್ಣು ಇಟ್ಟು ಎದ್ದು ಬಂದೆ. ಅವರು ಹಾಗೇ ನಂಬಿಕೊಂಡು ಹೋದರು.

ಅವರು ಹೋದ ಮೇಲೆ ಜುಬೇದಾಳನ್ನು ಹುಡುಕಿ ಯಲ್ಲಾಪುರಕ್ಕೆ ಹೋದೆ. ಲಾರಿ ರಿಪೇರಿಯ ಶೆಡ್ಡುಗಳ ಹಿಂದೆ ಮನೆ. ಗಂಡ ಲಾರಿ ಓಡಿಸುತ್ತಿದ್ದ, ಅವತ್ತು ಊರಲ್ಲಿರಲಿಲ್ಲ. ಅತ್ತೆ ಒಳಗೆ ಮಲಗಿದ್ದರು. ಅವಳು ಗುರುತು ಹಿಡಿದು ಚಾ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಪಂಪು, ಮಸಿ, ಮೋರಿಗೆ ಚೆಲ್ಲಿದ್ದು, ಎಲ್ಲ.

"ಹಂಗಾರೆ ನಾ ತೊಳೆದಿದ್ದೆ, ಅಲ್ರಿ ಸರ್?"

"ತೊಳೆದಿದ್ದಿರಿ."

"ನಾನೂ ನಂಬಿಬಿಟ್ಟಿದ್ದೆ. ಅಕ್ಕನ ಮನೆ ಹಾಳು ಮಾಡಿದಾಕಿ ನಾನೇ ಅಂತ. ಹೆಂಗ ನೆಪ್ಪು ಮಾಡ್ಕೊಂಡ್ರೂ ಆ ಒಂದು ಕ್ಯಾನು ತೊಳೆದಿದ್ದು ನೆಪ್ಪಾಗ್ತಿರಲಿಲ್ಲ." ಆಮೇಲೆ ಕೇಳಿದಳು: "ಅಕ್ಕಗೆ ಗೊತ್ತಾತೇನ್ರಿ?"

"ಇಲ್ಲ. ಅವರು ತೀರಿಕೊಂಡರು."

ಅವಳು ಅಳಲಿಲ್ಲ, ಬೈಯಲಿಲ್ಲ. ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಕೆಲಸ ಯಾಕೆ ಬಿಟ್ಟೆ ಅಂತ ಇಲ್ಲಿ ಯಾರಿಗೂ ಹೇಳಿಲ್ರಿ. ನೀವು ಇನ್ನೊಮ್ಮೆ ಬರಬ್ಯಾಡ್ರಿ."

ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಅವಳಿಗೆ ಇನ್ನೊಂದು ಹೊರೆ ಹೊರಿಸಿದಂತೆ.

ಮುಖ್ಯಸ್ಥರಿಗೂ ಫೋನು ಮಾಡಿ ಹೇಳಿದೆ. ಯಾವ ಯಂತ್ರ ಎಂದು ಅವರಿಗೆ ನೆನಪಾಗಲು ಹೊತ್ತು ಹಿಡಿಯಿತು. "ಹೋಗಲಿ ಬಿಡಿ, ಹಳೇ ವಿಷಯ" ಎಂದರು.

ಇದನ್ನು ಬರೆದದ್ದರಿಂದ ಯಾರಿಗೂ ಏನೂ ಮರಳಿ ಸಿಗುವುದಿಲ್ಲ. ತಿಳಿಯಬೇಕಾದವರು ಇಲ್ಲ, ಇರುವವಳಿಗೆ ನನ್ನ ಮುಖ ಬೇಡ. ಆದರೂ, ನೀರು ಕಡಿಮೆ ಮಾಡಿದವನು ನಾನು. ಇಷ್ಟೇ ಮಾತು. ಅಂದು ಅಂಗಳದಲ್ಲಿ, ಅವರಿಬ್ಬರೂ ಎದುರಿಗೇ ನಿಂತಿದ್ದಾಗ ಹೇಳಿ ಮುಗಿಸಬಹುದಾಗಿದ್ದ ಮಾತು —

ಹೇಳಲಿಲ್ಲ.